ಹಾಡು ಕೇಳೋಕೆ 42 ಸಾವಿರದ ನೆಟ್‌ವರ್ಕ್ ಸ್ವಿಚ್ ಬೇಕಾ? ಮನೇಲೇ ಪರೀಕ್ಷೆ ಮಾಡ್ಕೊಳ್ಳೋ ವಿಧಾನ

ಹೋದ ದೀಪಾವಳಿ ಕಳೆದು ಒಂದು ವಾರ ಆಗಿತ್ತೇನೋ, ಬಸವನಗುಡಿಯಿಂದ ನಮ್ಮ ಭಾವ ಫೋನ್ ಮಾಡಿ "ಹೊಸ ಸ್ವಿಚ್ ಹಾಕಿದೀನಿ ಕಣೋ, ಬಂದು ಕೇಳು" ಅಂದ್ರು. ನಾನು ಗೋಡೆ ಮೇಲಿನ ಲೈಟ್ ಸ್ವಿಚ್ ಅಂದ್ಕೊಂಡು "ಅದ್ರಲ್ಲಿ ಕೇಳೋದೇನಿದೆ ಭಾವ, ಟಕ್ ಅನ್ನುತ್ತೆ ಅಷ್ಟೇ ತಾನೇ" ಅಂದೆ. ಆಮೇಲೆ ಗೊತ್ತಾಯ್ತು ಅದು ನೆಟ್‌ವರ್ಕ್ ಸ್ವಿಚ್ಚು, ರೂಟರಿಂದ ಬರೋ ಕೇಬಲ್ಲನ್ನ ನಾಲ್ಕಾರು ಕಡೆ ಹಂಚೋ ಡಬ್ಬಿ, ಬೆಲೆ 42 ಸಾವಿರ. ಆಡಿಯೋಫೈಲ್ ಸ್ವಿಚ್ ಅಂತೆ, ಅಂದ್ರೆ ಒಳ್ಳೇ ಸೌಂಡಿನ ಹುಚ್ಚು ಇರೋರಿಗೆ ಅಂತಲೇ ಮಾರೋದು. ಅದಕ್ಕೂ ಮುಂಚೆ ಅವ್ರ ಮನೇಲಿ ಇದ್ದಿದ್ದು ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ತಗೊಂಡಿದ್ದ ಐದು ಪೋರ್ಟಿನ ತಗಡಿನ ಡಬ್ಬಿ, ಸಾವಿರದ ಚಿಲ್ಲರೆ ರೂಪಾಯಿದು.

ನಾನು ಹೊಟ್ಟೆಪಾಡಿಗೆ ಮಾಡೋ ಕೆಲ್ಸಾನೇ ನೆಟ್‌ವರ್ಕಿಂಗ್, ದಿನಾ ಬೆಳಗಾದ್ರೆ ಸ್ವಿಚ್ಚುಗಳ ಮುಖಾನೇ ನೋಡೋದು, ಹಂಗಾಗಿ ಮನಸಲ್ಲೇ ನಕ್ಕೊಂಡು ಹೋದೆ. ಭಾವ ಮೈಸೂರು ದೊರೆಸ್ವಾಮಿ ಅಯ್ಯಂಗಾರ್ ಅವ್ರ ಒಂದು ವೀಣೆ ರೆಕಾರ್ಡಿಂಗ್ ಹಾಕಿದ್ರು, ಮೊದಲು ಹಳೇ ಡಬ್ಬಿ, ಆಮೇಲೆ ಹೊಸದು. ಸುಳ್ಳು ಯಾಕೆ ಹೇಳ್ಲಿ, ನನಗೂ ವ್ಯತ್ಯಾಸ ಕೇಳಿಸ್ತು. ಹೊಸದರಲ್ಲಿ ಮೀಟು ಆರಿ ಹೋದ್ಮೇಲೆ ಉಳಿಯೋ ಆ ನಿಶ್ಶಬ್ದ ಇದೆಯಲ್ಲ, ಅದು ಇನ್ನೂ ಆಳವಾಗಿತ್ತು. ನನ್ನ ನಗು ಅಲ್ಲೇ ನಿಂತೋಯ್ತು. ಓದಿದ್ದು ಒಂದು, ಕಿವಿ ಹೇಳ್ತಿರೋದು ಒಂದು. ಆಮೇಲೆ ಎರಡು ಭಾನುವಾರ ಕೂತು ನಾವು ಏನೇನು ಮಾಡಿದ್ವಿ, ಕೊನೆಗೆ ಕಳ್ಳ ಎಲ್ಲಿ ಸಿಕ್ಕಿದ ಅನ್ನೋದನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೀತಿದೀನಿ, ನಿಮ್ಮ ಮನೇಲೂ ಇದೇ ಕ್ರಮದಲ್ಲಿ ಮಾಡಬಹುದು, ಖರ್ಚು ಅಂದ್ರೆ ಒಂದು ನೂರೈವತ್ತು ರೂಪಾಯಿ ಕೇಬಲ್ಲು ಮತ್ತೆ ಸಹಾಯಕ್ಕೆ ಕೂತೋರಿಗೆ ಎರಡು ಸಲ ಕಾಫಿ.

ಶುರು ಮಾಡೋ ಮುಂಚೆ: ಸಂಪು, ಟ್ಯಾಂಕು, ನಲ್ಲಿ

ಬೆಂಗಳೂರಲ್ಲಿ ಮನೆ ಮಾಡ್ಕೊಂಡಿರೋರಿಗೆ ಇದು ಥಟ್ ಅಂತ ಅರ್ಥ ಆಗುತ್ತೆ. ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತೆ, ಅದೂ ಯಾವ್ಯಾವ್ದೋ ಹೊತ್ತಲ್ಲಿ, ಒಂದ್ಸಲ ಧೋ ಅಂತ, ಒಂದ್ಸಲ ನೂಲಿನ ಥರ. ಸಂಪಿಗೆ ಬೀಳುತ್ತೆ, ಮೋಟ್ರು ಹಾಕಿ ಮೇಲಿನ ಟ್ಯಾಂಕಿಗೆ ಏರಿಸ್ತೀವಿ, ನಲ್ಲಿ ತಿರುಗಿಸಿದ್ರೆ ಒಂದೇ ಸಮ ಬರುತ್ತೆ. ರಾತ್ರಿ ಮೂರು ಗಂಟೆಗೆ ಪೈಪಲ್ಲಿ ನೀರು ಕೆಮ್ಮಿಕೊಂಡು ಬಂತಾ, ಸರಾಗವಾಗಿ ಬಂತಾ ಅಂತ ಬೆಳಿಗ್ಗೆ ಹಲ್ಲುಜ್ಜೋನಿಗೆ ಗೊತ್ತಾಗೋಕೆ ಸಾಧ್ಯ ಇಲ್ಲ.

ಸ್ಟ್ರೀಮಿಂಗ್ ಕೂಡ ಹಂಗೇ. ಹಾಡು ನಿಮ್ಮ ಸ್ಟ್ರೀಮರ್‌ಗೆ, ಅಂದ್ರೆ ನೆಟ್ಟಿಂದ ಹಾಡು ಎಳ್ಕೊಂಡು ನುಡಿಸೋ ಡಬ್ಬಿಗೆ, ಒಂದೇ ಧಾರೆಯಾಗಿ ಹರಿದು ಬರಲ್ಲ, ಪ್ಯಾಕೆಟ್ ಪ್ಯಾಕೆಟ್ ಆಗಿ ಗೊಂಚಲಲ್ಲಿ ಬಂದು ಅದರ ಮೆಮೊರಿಯಲ್ಲಿ ಬೀಳುತ್ತೆ, ಅದಕ್ಕೆ ಬಫರ್ ಅಂತಾರೆ. ಅಲ್ಲಿಂದ ಡ್ಯಾಕ್, ಅಂದ್ರೆ ಅಂಕಿಗಳನ್ನ ದನಿಯ ಸಿಗ್ನಲ್ ಮಾಡೋ ಭಾಗ, ತನ್ನದೇ ಗಡಿಯಾರ ಇಟ್ಕೊಂಡು ಸೆಕೆಂಡಿಗೆ 44,100 ಸಲ ಒಂದೊಂದೇ ಸ್ಯಾಂಪಲ್ ಎತ್ಕೊಳ್ಳುತ್ತೆ, ಸಿಡಿ ಗುಣಮಟ್ಟದ ಹಾಡಾದ್ರೆ. ತಾಳ ಹಾಕೋದು ಆ ಗಡಿಯಾರ. ಸ್ವಿಚ್ಚಿನ ಒಳಗೂ ಒಂದು ಗಡಿಯಾರ ಇರುತ್ತೆ ನಿಜ, ಗಿಗಾಬಿಟ್ ಈಥರ್ನೆಟ್ (ಕೇಬಲ್ ನೆಟ್‌ವರ್ಕ್) ಸ್ಟಾಂಡರ್ಡ್ ಪ್ರಕಾರ ಅದು ಹತ್ತು ಲಕ್ಷಕ್ಕೆ ನೂರು ಭಾಗ ಆಚೀಚೆ ಆದ್ರೂ ನಡೆಯುತ್ತೆ, ಆದ್ರೆ ಅದರ ಕೆಲ್ಸ ಆ ಒಂದು ಕೇಬಲ್ಲಿನ ಆ ತುದಿಯಿಂದ ಈ ತುದಿಗೆ ಮಾತ್ರ, ಡೇಟಾ ಮೆಮೊರಿಗೆ ಬಿದ್ದ ಕ್ಷಣಕ್ಕೆ ಅದರ ಕಥೆ ಮುಗೀತು. ದುಬಾರಿ ಸ್ವಿಚ್ಚುಗಳ ಡಬ್ಬಿ ಮೇಲೆ "ಅತಿ ನಿಖರ ಕ್ಲಾಕ್" ಅಂತ ದಪ್ಪಕ್ಷರದಲ್ಲಿ ಹಾಕಿರ್ತಾರಲ್ಲ, ಅದು ಕಾವೇರಿ ಪೈಪಿಗೆ ಬೆಳ್ಳಿ ಲೇಪ ಹಾಕಿದ ಹಾಗೆ.

ಬಿಟ್‌ಗಳೇ ಕೆಟ್ಟು ಬಂದ್ರೆ? ಪ್ರತಿ ಈಥರ್ನೆಟ್ ಫ್ರೇಮಿನ, ಅಂದ್ರೆ ಪ್ಯಾಕೆಟ್ ಹೊತ್ಕೊಂಡು ಬರೋ ಲಕೋಟೆಯ, ಬಾಲದಲ್ಲಿ 32 ಬಿಟ್‌ನ ಒಂದು ಲೆಕ್ಕ ಇರುತ್ತೆ, ಸಿಆರ್‌ಸಿ ಅಂತ. ಒಂದು ಬಿಟ್ ಏರುಪೇರಾದ್ರೂ ಆ ಲೆಕ್ಕ ತಾಳೆ ಆಗಲ್ಲ, ಫ್ರೇಮನ್ನ ಎತ್ತಿ ಬಿಸಾಕ್ತಾರೆ, ಎಲ್ಲ ಪ್ಯಾಕೆಟ್ ತಲುಪಿತಾ ಅಂತ ನೋಡ್ಕೊಳ್ಳೋ ಟಿಸಿಪಿ ಅನ್ನೋದು ಅದನ್ನ ಮತ್ತೆ ಕಳ್ಸು ಅಂತ ಕೇಳುತ್ತೆ. ಹಂಗಾಗಿ ನೆಟ್‌ವರ್ಕ್ ಕೆಟ್ಟರೆ ಹಾಡು ನಿಲ್ಲುತ್ತೆ, ಇಲ್ಲ ಮಧ್ಯೆ ಕಟ್ ಆಗುತ್ತೆ. ವೀಣೆ ಸ್ವಲ್ಪ ಮಂಕಾಗೋದು, ಗಾಯಕರು ಒಂದಡಿ ಹಿಂದೆ ಸರಿದು ಕೂತ ಹಾಗೆ ಆಗೋದು, ಇದೆಲ್ಲ ಆ ದಾರೀಲಿ ಆಗೋಕೆ ಸಾಧ್ಯ ಇಲ್ಲ.

ಸ್ಪೀಡಿನ ಚಿಂತೆ ಅಂತೂ ಬೇಡವೇ ಬೇಡ. ಸಿಡಿ ಗುಣಮಟ್ಟಕ್ಕೆ ಬೇಕಾಗೋದು 1.4 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಅದಕ್ಕೂ ಮೇಲಿನ ಗುಣಮಟ್ಟದ 24 ಬಿಟ್ 96 ಕಿಲೋಹರ್ಟ್ಜ್‌ಗೆ 4.6, 24 ಬಿಟ್ 192ಕ್ಕೆ 9.2, ಅದೂ ಫ್ಲ್ಯಾಕ್ ಅನ್ನೋ ಫೈಲಿನ ಹಂಗೆ ಕುಗ್ಗಿಸದೇ ಇದ್ರೆ. ಹಳೇ 100 ಎಂಬಿಪಿಎಸ್ ಸ್ವಿಚ್ಚಿಗೂ ಇದು ಹಲ್ಲಿಗೆ ತಾಗೋಷ್ಟಿಲ್ಲ.

ಹಾಗಾದ್ರೆ ನಮಗೆ ಕೇಳಿಸಿದ್ದೇನು? ಉಳಿಯೋದು ಎರಡೇ ದಾರಿ. ಒಂದು, ಕೇಬಲ್ ಅಂದ್ರೆ ಡೇಟಾ ಮಾತ್ರ ಅಲ್ಲ, ಅದು ತಾಮ್ರ ಕೂಡ, ಡೇಟಾ ಜೊತೆ ಕರೆಂಟಿನ ಕಸ ಕೂಡ ಅದರ ಮೇಲೆ ಹತ್ಕೊಂಡು ಬರಬಹುದು. ಇನ್ನೊಂದು, 42 ಸಾವಿರ ಕೊಟ್ಟೋರ ತಲೆ.

ಹೆಜ್ಜೆ 1: ಹಾಡು ಓಡ್ತಿರೋವಾಗಲೇ ಕೇಬಲ್ ಕಿತ್ತಾಕಿ

ನಿಜವಾಗ್ಲೂ. ಚೆನ್ನಾಗಿ ಗೊತ್ತಿರೋ ಒಂದು ಹಾಡು ಹಾಕಿ, ಅರ್ಧ ನಿಮಿಷ ಕೇಳಿ, ಆಮೇಲೆ ಸ್ಟ್ರೀಮರ್ ಹಿಂದಿರೋ ನೆಟ್‌ವರ್ಕ್ ಕೇಬಲ್ಲಿನ ಕ್ಲಿಪ್ ಒತ್ತಿ ಎಳೆದುಬಿಡಿ. ಹಾಡು ನಿಲ್ಲಲ್ಲ, ಬಫರಲ್ಲಿ ಇರೋಷ್ಟು ಹೊತ್ತು ಓಡ್ತಾನೇ ಇರುತ್ತೆ. ಭಾವನ ಸ್ಟ್ರೀಮರಲ್ಲಿ 22 ಸೆಕೆಂಡ್ ಓಡ್ತು. ಕೆಲವು ಪ್ಲೇಯರ್‌ಗಳು ಇಡೀ ಹಾಡನ್ನೇ ಮೊದಲೇ ಎಳ್ಕೊಂಡಿರ್ತವೆ, ಫೋನಿಂದ ಹಾಡು ಕಳಿಸೋ ಏರ್‌ಪ್ಲೇ ಥರದ್ದಾದ್ರೆ ಒಂದೆರಡು ಸೆಕೆಂಡಲ್ಲೇ ನಿಲ್ಲಬಹುದು, ಆಗ ಬೇರೆ ರೀತಿ ಪ್ಲೇ ಮಾಡಿ ನೋಡಿ.

ಈಗ ಯೋಚನೆ ಮಾಡಿ, ಆ 22 ಸೆಕೆಂಡ್ ನಿಮ್ಮ ಸಿಸ್ಟಮ್‌ಗೂ ಸ್ವಿಚ್ಚಿಗೂ ಸಂಬಂಧಾನೇ ಇಲ್ಲ. 42 ಸಾವಿರದ್ದೂ ಇಲ್ಲ, ಸಾವಿರದ್ದೂ ಇಲ್ಲ. ಕಿತ್ತ ಕ್ಷಣದಲ್ಲಿ ಸೌಂಡ್ ಏನಾದ್ರೂ ಬದಲಾಯ್ತಾ? ಬದಲಾಗದಿದ್ರೆ ನಿಮ್ಮ ಕೇಬಲ್ ಮೂಲಕ ಕೇಳಿಸೋಂಥ ಕಸ ಬರ್ತಿಲ್ಲ ಅಂತಾಯ್ತು, ಇಲ್ಲಿಗೇ ನಿಲ್ಲಿಸಿ ಕಾಫಿ ಕುಡೀಬಹುದು. ನಾವು ಹೊಸ ಸ್ವಿಚ್ಚಿನ ಕೇಬಲ್ ಕಿತ್ತು ನೋಡಿದ್ವಿ, ಕೂದಲೆಳೆಯಷ್ಟೂ ಬದಲಾಗಲಿಲ್ಲ. "ನೋಡು, ಅಷ್ಟು ಕ್ಲೀನ್ ಆಗಿದೆ ಇದು" ಅಂದ್ರು ಭಾವ. ಅವ್ರ ಮಾತಲ್ಲೂ ಅರ್ಥ ಇತ್ತು. ಹಳೇದರ ಕೇಬಲ್ ಕೂಡ ಹಿಂಗೇ ಕಿತ್ತು ನೋಡಬೇಕು ಅಂತ ನನಗೆ ಆವತ್ತು ಹೊಳೀಲೇ ಇಲ್ಲ, ಹೊಳೆದಿದ್ರೆ ಒಂದು ಭಾನುವಾರ ಉಳೀತಿತ್ತು. ನೀವು ಎರಡನ್ನೂ ಕಿತ್ತು ನೋಡಿ.

ಹೆಜ್ಜೆ 2: ಕಣ್ಣು ಮುಚ್ಚಿ ಕೇಳೋ ಪರೀಕ್ಷೆ

ಇದಕ್ಕೆ ಆಡಿಯೋ ಬಗ್ಗೆ ಸ್ವಲ್ಪಾನೂ ಆಸಕ್ತಿ ಇಲ್ಲದಿರೋ ಒಬ್ರು ಬೇಕು. ನಮಗೆ ಅಕ್ಕ ಇದ್ಲು. "ನಿಮ್ಮಿಬ್ರಿಗೂ ಬೇರೆ ಕೆಲ್ಸ ಇಲ್ವಾ" ಅಂತ ಬೈಕೊಂಡೇ ಟಿವಿ ಸ್ಟ್ಯಾಂಡ್ ಹಿಂದೆ ಮೊಣಕಾಲೂರಿ ಕೂತ್ಲು.

ಜೋಡಿಸೋದು ಹೀಗೆ. ರೂಟರಲ್ಲಿ ಸಾಮಾನ್ಯವಾಗಿ ನಾಲ್ಕು ಪೋರ್ಟ್ ಇರುತ್ತೆ, ಒಂದರಿಂದ ಹಳೇ ಸ್ವಿಚ್ಚಿಗೆ, ಇನ್ನೊಂದರಿಂದ ಹೊಸ ಸ್ವಿಚ್ಚಿಗೆ ಕೇಬಲ್. ಎರಡೂ ಆನ್ ಇರ್ಲಿ. ಎರಡು ಸ್ವಿಚ್ಚುಗಳ ನಡುವೆ ಮಾತ್ರ ಯಾವ ಕೇಬಲ್ಲೂ ಹಾಕ್ಬೇಡಿ, ಹಾಕಿದ್ರೆ ಲೂಪ್ ಆಗಿ ಪ್ಯಾಕೆಟ್‌ಗಳು ಸುತ್ತಿದ್ದೇ ಸುತ್ತಿದ್ದು, ಇಡೀ ಮನೆ ನೆಟ್ ಮಲ್ಕೊಳ್ಳುತ್ತೆ. ಸಹಾಯಕ್ಕೆ ಕೂತೋರು ಪ್ರತಿ ಸುತ್ತಿಗೂ ನಾಣ್ಯ ಚಿಮ್ಮಿ, ತಲೆ ಬಿದ್ರೆ ಹಳೇದು, ಸಂಖ್ಯೆ ಬಿದ್ರೆ ಹೊಸದು ಅಂತ ಸ್ಟ್ರೀಮರ್‌ಗೆ ಚುಚ್ಚಿ, ಒಂದು ಚೀಟೀಲಿ ಬರ್ಕೋಬೇಕು. ಕೇಳೋರಿಗೆ ಏನೂ ಕಾಣಬಾರದು, ಸಹಾಯಕರ ಮುಖ ಕೂಡ ಕಾಣಬಾರದು, ಯಾಕಂದ್ರೆ ಅಕ್ಕನ ಮುಖ ಓದೋದ್ರಲ್ಲಿ ಭಾವ 19 ವರ್ಷದ ಅನುಭವಸ್ಥರು. ವಾಲ್ಯೂಮ್ ಮುಟ್ಟಂಗಿಲ್ಲ. ಪ್ರತಿ ಸುತ್ತಿಗೂ ಹಾಡನ್ನ ನಿಲ್ಲಿಸಿ ಮೊದಲಿಂದ ಶುರು ಮಾಡಿ, ಇಲ್ಲಾಂದ್ರೆ ಬಫರಲ್ಲಿರೋ ಹಳೇ ಹಾಡೇ ಓಡ್ತಿರುತ್ತೆ. ಕಡಿಮೆ ಅಂದ್ರೆ ಹತ್ತು ಸುತ್ತು.

ಲೆಕ್ಕ ಹೆಂಗೆ ನೋಡೋದು ಅಂದ್ರೆ, ಸುಮ್ನೆ ಬಾಯಿಗೆ ಬಂದಿದ್ದು ಹೇಳಿದ್ರೂ ಹತ್ತಕ್ಕೆ ಐದು ಸರಿ ಹೋಗುತ್ತೆ. ಆರು, ಏಳು ಬಂದ್ರೂ ಹಿಗ್ಗಬೇಡಿ. ಅದೃಷ್ಟದ ಮೇಲೆ ಎಂಟು ಅಥವಾ ಅದಕ್ಕಿಂತ ಜಾಸ್ತಿ ಬರೋ ಸಾಧ್ಯತೆ ನೂರಕ್ಕೆ ಐದೂವರೆ, ಒಂಬತ್ತು ಅಥವಾ ಜಾಸ್ತಿ ಬರೋದು ನೂರಕ್ಕೆ ಒಂದು ಚೂರು ಮೇಲೆ. ಒಂಬತ್ತು ಬಂದ್ರೆ ಅಲ್ಲೇನೋ ನಿಜವಾಗ್ಲೂ ಇದೆ ಅಂತ ಹಿಡ್ಕೊಳ್ಳಿ.

ಭಾವನಿಗೆ ಹತ್ತಕ್ಕೆ ಒಂಬತ್ತು ಬಂತು.

ಅಕ್ಕ ಚೀಟಿ ಓದ್ತಾ ಹೋದ ಹಾಗೆ ಭಾವ ಸೋಫಾದಲ್ಲಿ ಒಂದೊಂದೇ ಇಂಚು ಎತ್ತರ ಆಗ್ತಾ ಹೋದ್ರು. ನಾನು ಹನ್ನೆರಡು ವರ್ಷದಿಂದ ನಂಬ್ಕೊಂಡು ಬಂದಿದ್ದ ವಿದ್ಯೆ ಟೀಪಾಯಿ ಮೇಲೆ ಚೀಟಿ ರೂಪದಲ್ಲಿ ಬಿದ್ದಿತ್ತು. ಮನೆಗೆ ಬಂದು ರಾತ್ರಿ ನಿದ್ದೆ ಬರಲಿಲ್ಲ, ಎರಡು ಗಂಟೆ ಹೊತ್ತಿಗೆ ಎದ್ದು ಕೂತೆ. ಸ್ವಿಚ್ ಬದಲಾಯಿಸಿದ್ವಿ ಅಂತ ನಾವು ಅಂದ್ಕೊಂಡಿದೀವಿ, ಆದ್ರೆ ಬದಲಾಗಿದ್ದು ಬರೀ ಸ್ವಿಚ್ಚಾ? ಹೊಸದರ ಜೊತೆ ಅಂಗಡಿಯೋರು ಒಂದು ದಪ್ಪನೆ ಟ್ರಾನ್ಸ್‌ಫಾರ್ಮರ್ ಇರೋ ಲೀನಿಯರ್ ಪವರ್ ಸಪ್ಲೈ ಕೊಟ್ಟಿದ್ರು, ಹಳೇದಕ್ಕಿದ್ದಿದ್ದು ಎರಡು ಪಿನ್ನಿನ ಚಿಕ್ಕ ಅಡಾಪ್ಟರ್. ಹೊಸದರ ಜೊತೆ ಒಂದು ಹೊಸ ಕೇಬಲ್ ಕೂಡ ಫ್ರೀ ಬಂದಿತ್ತು. ಮೂರು ವಸ್ತು ಒಟ್ಟಿಗೆ ಬದಲಾಗಿದೆ, ಹೆಸರು ಮಾತ್ರ ಒಂದಕ್ಕೆ.

ಹೆಜ್ಜೆ 3: ಒಂದ್ಸಲಕ್ಕೆ ಒಂದೇ ವಸ್ತು ಬದಲಾಯಿಸಿ, ಟ್ವೀಟರ್‌ಗೆ ಕಿವಿ ಕೊಡಿ

ಮುಂದಿನ ಭಾನುವಾರ ಬೆಳಿಗ್ಗೆ ಆರಕ್ಕೇ ಹೋದೆ, ರಸ್ತೆ ಸದ್ದು ಶುರುವಾಗೋ ಮುಂಚೆ. ಈ ಕೆಲ್ಸಕ್ಕೆ ಹಾಡು ಬೇಡ. ಹಾಡು ನಿಲ್ಲಿಸಿ, ಫ್ಯಾನ್ ಆಫ್ ಮಾಡಿ, ಆಂಪಿನ (ಸ್ಪೀಕರಿಗೆ ದನಿ ದೊಡ್ಡದು ಮಾಡಿ ಕೊಡೋ ಆಂಪ್ಲಿಫೈಯರ್) ವಾಲ್ಯೂಮ್ ನೀವು ಕೇಳೋ ಮಟ್ಟದಲ್ಲೇ ಇರ್ಲಿ, ಸ್ಪೀಕರಿನ ಮೇಲಿರೋ ಚಿಕ್ಕ ಕೋನ್, ಅಂದ್ರೆ ಟ್ವೀಟರ್, ಅದಕ್ಕೆ ನಾಲ್ಕು ಬೆರಳು ದೂರದಲ್ಲಿ ಕಿವಿ ಇಡಿ. ಮೆತ್ತಗೆ ಸ್ಸ್ಸ್ ಅಂತ ಬಂದ್ರೆ ಅದು ಆಂಪಿನ ಸ್ವಂತ ಉಸಿರು, ಪರವಾಗಿಲ್ಲ. ಜೀರುಂಡೆ ಥರ ಜೀಂಯ್ ಅಂತನೋ, ದೊಡ್ಡ ಸ್ಪೀಕರಲ್ಲಿ ಗುಂಯ್ ಅಂತನೋ ಬಂದ್ರೆ ಅದು ಕರೆಂಟಿನ ಕಸ. ನಮ್ಮ ಮೈನ್ಸ್, ಅಂದ್ರೆ ಗೋಡೆ ಸಾಕೆಟ್ಟಿನ ಕರೆಂಟು, 50 ಹರ್ಟ್ಜ್, ಅದರ ಮರಿಗಳು 100, 150, ಹೀಗೆ ಮೇಲಕ್ಕೆ ಹೋಗ್ತವೆ. ಯಾರೋ ಪಕ್ಕದ ಕೋಣೇಲಿ ತಪ್ಪು ಶ್ರುತಿಯ ತಂಬೂರಿ ಬಿಡದೇ ಮೀಟ್ತಿರೋ ಹಾಗೆ, ಹಾಡು ಜೋರಾಗಿದ್ದಾಗ ಗೊತ್ತಾಗಲ್ಲ, ವೀಣೆ ನಾದ ಆರೋವಾಗ ಅದೇ ಎದ್ದು ಕಾಣುತ್ತೆ.

ಹಳೇ ಸ್ವಿಚ್ಚು, ಹಳೇ ಅಡಾಪ್ಟರ್ರು, ಹಳೇ ಕೇಬಲ್ಲು ಹಾಕಿದ್ವಿ. ಜೀಂಯ್. ನಾನು ಸ್ಟ್ರೀಮರ್ ಹಿಂದೆ ಕೈ ಹಾಕಿ ಕೇಬಲ್ ಕಿತ್ತೆ, ಸದ್ದು ಕತ್ತರಿಸಿದ ಹಾಗೆ ನಿಂತೋಯ್ತು. ಮತ್ತೆ ಚುಚ್ಚಿದೆ, ಪ್ಲಗ್ ಪೂರ್ತಿ ಒಳಗೆ ಹೋಗೋ ಮುಂಚೆನೇ, ಅದರ ಲೋಹದ ತುದಿ ಪೋರ್ಟಿನ ಲೋಹಕ್ಕೆ ತಾಗಿದ ತಕ್ಷಣ, ಮತ್ತೆ ಜೀಂಯ್. ಲಿಂಕ್ ಲೈಟ್ ಇನ್ನೂ ಹತ್ತೇ ಇಲ್ಲ, ಒಂದು ಬಿಟ್ ಡೇಟಾ ಕೂಡ ಓಡಿಲ್ಲ, ಸದ್ದು ಮಾತ್ರ ಬಂದಾಯ್ತು. ಭಾವನ ಕಿವೀನ ಟ್ವೀಟರ್ ಹತ್ರ ಇಟ್ಟು ನಾಲ್ಕು ಸಲ ಹಿಂಗೆ ತಾಗಿಸಿ ತೆಗೆದು ತೋರಿಸ್ದೆ, ಅವ್ರು ಮಾತಾಡಲಿಲ್ಲ.

ಆಗಿದ್ದೇನು ಅಂದ್ರೆ, ಎರಡು ಪಿನ್ನಿನ ಅಗ್ಗದ ಅಡಾಪ್ಟರ್ ಒಳಗೆ ಮೈನ್ಸ್ ಕಡೆಯಿಂದ ಔಟ್‌ಪುಟ್ ಕಡೆಗೆ ಒಂದು ಚಿಕ್ಕ ಕೆಪ್ಯಾಸಿಟರ್ ಇರುತ್ತೆ, ಅದರ ಮೂಲಕ ಅತಿ ಸಣ್ಣ ಲೀಕೇಜ್ ಕರೆಂಟ್ ಈಚೆ ಬರ್ತಾನೇ ಇರುತ್ತೆ. ಚಾರ್ಜಿಗೆ ಹಾಕಿದ ಲೋಹದ ಲ್ಯಾಪ್‌ಟಾಪ್ ಮೇಲೆ ಬೆರಳಾಡಿಸಿದ್ರೆ ಜುಮ್ ಅನ್ನುತ್ತಲ್ಲ, ಅದೇ ಇದು. ಆ ಲೀಕೇಜ್ ಸ್ವಿಚ್ಚಿನ ತಗಡಿನ ಮೈಗೆ ಬಂತು. ಭಾವ ಯಾರೋ ಹೇಳಿದ್ರು ಅಂತ ಮೊದಲೇ ಶೀಲ್ಡ್ (ತಂತಿಗಳ ಸುತ್ತ ಲೋಹದ ಹೊದಿಕೆ) ಇರೋ ದುಬಾರಿ ಕೇಬಲ್ ಹಾಕಿದ್ರು, ಲೋಹದ ಪ್ಲಗ್ಗಿಂದು. ಆ ಶೀಲ್ಡ್ ಮೇಲೆ ಹತ್ತಿ ಲೀಕೇಜ್ ಸ್ಟ್ರೀಮರಿನ ಮೈಗೆ, ಅಲ್ಲಿಂದ ಸ್ಟ್ರೀಮರಿಂದ ಆಂಪಿಗೆ ಹಾಡು ಒಯ್ಯೋ ಆರ್‌ಸಿಎ ವೈರಿನ ಹೊರಗಿನ ಬಲೆ ಹಿಡ್ಕೊಂಡು ಆಂಪಿಗೆ, ಆಂಪಿನ ಮೂರನೇ ಪಿನ್ನಿಂದ ಅರ್ತಿಗೆ. ಆರ್‌ಸಿಎನಲ್ಲಿ ಸಿಗ್ನಲ್ ವಾಪಸ್ ಹೋಗೋ ದಾರೀನೂ ಅದೇ ಬಲೆ, ಹಂಗಾಗಿ ಆಂಪು ಈ ಕಸಾನೂ ಹಾಡು ಅಂದ್ಕೊಂಡು ದೊಡ್ಡದು ಮಾಡಿ ಕೊಡ್ತಿತ್ತು.

ಇಲ್ಲಿ ಒಂದು ವಿಷ್ಯ. ಈಥರ್ನೆಟ್ ಪೋರ್ಟಿನೊಳಗೆ ಪ್ರತಿ ಜೋಡಿ ವೈರಿಗೂ ಪುಟಾಣಿ ಟ್ರಾನ್ಸ್‌ಫಾರ್ಮರ್ ಇರುತ್ತೆ, 1500 ವೋಲ್ಟ್ ತಡೆಯೋಂಥ ಪ್ರತ್ಯೇಕತೆ ಬೇಕು ಅಂತ ಸ್ಟಾಂಡರ್ಡೇ ಹೇಳುತ್ತೆ, ಹಂಗಾಗಿ ಡೇಟಾ ವೈರುಗಳ ಮೂಲಕ ಇಂಥ ಗುಂಯ್‌ಗುಡುವಿಕೆ ದಾಟೋದು ಬಹಳ ಕಷ್ಟ. ತುಂಬಾ ಮೇಲಿನ ಫ್ರೀಕ್ವೆನ್ಸಿಯ ಕಸ ಸ್ವಲ್ಪ ನುಸುಳುತ್ತೆ, ಅದನ್ನ ಒಳ್ಳೇ ಸ್ಟ್ರೀಮರ್ ಒಳಗೇ ಸೋಸುತ್ತೆ. ಶೀಲ್ಡ್ ಮಾತ್ರ ಆ ಟ್ರಾನ್ಸ್‌ಫಾರ್ಮರನ್ನ ತಪ್ಪಿಸ್ಕೊಂಡು ಪಕ್ಕದ ಗೇಟಿಂದ ಬರುತ್ತೆ. ಸೌಂಡ್ ಚೆನ್ನಾಗಿರ್ಲಿ ಅಂತ ಹಾಕಿಸಿದ ಶೀಲ್ಡೇ ಕಳ್ಳನಿಗೆ ಏಣಿ ಇಟ್ಟಿತ್ತು.

ನಾನು ಜೇಬಿಂದ ಸಾದಾ ಕೇಬಲ್ ತೆಗ್ದೆ, ಪ್ಲಾಸ್ಟಿಕ್ ಪ್ಲಗ್ಗಿನ ಶೀಲ್ಡ್ ಇಲ್ಲದ ಕ್ಯಾಟ್ 6, 150 ರೂಪಾಯಿ. ಅದೇ ಹಳೇ ಸ್ವಿಚ್ಚು, ಅದೇ ಹಳೇ ಅಡಾಪ್ಟರ್ರು. ಜೀಂಯ್ ಇಲ್ಲ.

ನಿಮ್ಮನೇಲಿ ಮಾಡೋವಾಗ ಕ್ರಮ ಇಷ್ಟೇ: ಮೊದಲು ಕೇಬಲ್ ಸಾದಾದು ಹಾಕಿ ನೋಡಿ, ಹೋಗದಿದ್ರೆ ಸ್ವಿಚ್ಚಿನ ಅಡಾಪ್ಟರನ್ನ ಆಂಪ್ ಇರೋ ಎಕ್ಸ್‌ಟೆನ್ಶನ್ ಬಾಕ್ಸಿಂದ ತೆಗೆದು ಬೇರೆ ಸಾಕೆಟ್ಟಿಗೆ ಹಾಕಿ, ಆಮೇಲೆ ಬೇರೆ ಅಡಾಪ್ಟರ್ ಹಾಕಿ, ಆಮೇಲೆ ಕೇಬಲ್ಲೇ ತೆಗೆದು ವೈಫೈಯಲ್ಲಿ ಕೇಳಿ. ವೈಫೈಯಲ್ಲೂ ಸದ್ದು ಹಂಗೇ ಇದ್ರೆ ಕಳ್ಳ ನೆಟ್‌ವರ್ಕ್ ಕಡೆ ಇಲ್ಲವೇ ಇಲ್ಲ, ಸೆಟ್‌ಟಾಪ್ ಬಾಕ್ಸಿಂದನೋ ಟಿವಿಯಿಂದನೋ ಬರ್ತಿರುತ್ತೆ, ಒಂದೊಂದೇ ವೈರ್ ಕಿತ್ತು ನೋಡಿ.

ಅಡಾಪ್ಟರ್ ಬದಲಾಯಿಸೋರಿಗೆ ಒಂದು ಮಾತು, ಸ್ವಿಚ್ಚಿನ ಬೆನ್ನ ಮೇಲೆ 5 ವೋಲ್ಟಾ, 9 ವೋಲ್ಟಾ, 12 ವೋಲ್ಟಾ ಅಂತ ಬರೆದಿರುತ್ತೆ, ಓದಿ ಹಾಕಿ. ಪಿನ್ ಗಾತ್ರ ಒಂದೇ ಇರುತ್ತೆ ಅಂತ ನಾನೊಮ್ಮೆ ನಮ್ಮನೆ 5 ವೋಲ್ಟಿನ ಸ್ವಿಚ್ಚಿಗೆ ರೂಟರಿನ 12 ವೋಲ್ಟ್ ಚುಚ್ಚಿದೀನಿ, ಹೊಗೆ ಬಂದ್ಮೇಲೆ ಓದಿದ್ದು.

ಹೆಜ್ಜೆ 4: ಅರ್ತಿಂಗ್ ಇದೆಯಾ ಅಂತ ನೋಡಿಸಿ

ಇದು ಯಾವ ಸ್ವಿಚ್ಚಿಗಿಂತಲೂ ಮುಖ್ಯ. ನಮ್ಮೂರಿನ ಹಳೇ ಮನೆಗಳಲ್ಲಿ, ಬಾಡಿಗೆ ಪೋರ್ಷನ್‌ಗಳಲ್ಲಂತೂ, ಸಾಕೆಟ್ಟಲ್ಲಿ ಮೂರನೇ ತೂತು ಶೋಕಿಗೆ ಇರುತ್ತೆ, ಹಿಂದೆ ವೈರೇ ಇರಲ್ಲ. ಆಂಪಿನ ಲೋಹದ ಮೈಗೆ ಟೆಸ್ಟರ್ ಇಟ್ರೆ ದೀಪ ಹತ್ತುತ್ತಾ? ಹತ್ತಿದ್ರೆ ಹಾಡು ಆಮೇಲೆ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ಬಂದೋರು ನ್ಯೂಟ್ರಲ್ಲಿಗೂ ಅರ್ತಿಗೂ ಮಧ್ಯೆ ಎಷ್ಟು ವೋಲ್ಟ್ ಇದೆ ಅಂತ ಮೀಟರಲ್ಲಿ ನೋಡ್ತಾರೆ, ಎರಡು ಮೂರು ವೋಲ್ಟ್ ಒಳಗಿದ್ರೆ ಸರಿ. ಹಮ್, ಅಂದ್ರೆ ಆ ಗುಂಯ್ ಸದ್ದು, ಹೋಗ್ಲಿ ಅಂತ ಮೂರನೇ ಪಿನ್ ಮುರಿಯೋ ಐಡಿಯಾ ಕೊಡೋರು ಸಿಗ್ತಾರೆ, ಹಮ್ ಹೋಗುತ್ತೆ ಕೂಡ, ಆದ್ರೆ ಆಂಪಿನೊಳಗೆ ಏನಾದ್ರೂ ಶಾರ್ಟ್ ಆದ ದಿನ ಮೈಗೆ ಬರೋದು 230 ವೋಲ್ಟ್. ಆ ಕೆಲ್ಸ ಮಾಡ್ಬೇಡಿ.

ಹೆಜ್ಜೆ 5: ಕಣ್ಣು ಮುಚ್ಚೋ ಪರೀಕ್ಷೆ ಮತ್ತೆ, ಈಗ ಸಮಸಮ

ಎರಡು ಸ್ವಿಚ್ಚಿಗೂ ಒಂದೇ ಥರದ ಸಾದಾ ಕೇಬಲ್, ಎರಡರ ಪವರ್ರೂ ಆಂಪಿಂದ ದೂರದ ಸಾಕೆಟ್ಟಿಂದ. ಅಕ್ಕ ಈ ಸಲ ಬೈಯಲಿಲ್ಲ, ಅವಳಿಗೂ ಕುತೂಹಲ ಹತ್ತಿತ್ತು. ಭಾವನಿಗೆ ಹತ್ತಕ್ಕೆ ನಾಲ್ಕು, ನನಗೆ ಆರು. "ಇನ್ನೊಂದ್ಸಲ" ಅಂದ್ರು ಭಾವ. ಐದು. "ಮಧ್ಯಾಹ್ನ ಊಟ ಆದ್ಮೇಲೆ ಕಿವಿ ಸರಿಯಾಗಿರುತ್ತೆ" ಅಂದ್ರು, ಊಟ ಆದ್ಮೇಲೆ ನಿದ್ದೆ ಬಂತು.

ಹೋದ ವಾರ ಕೇಳಿದ್ದು ಸುಳ್ಳಾ ಅಂದ್ರೆ ಸುಳ್ಳಲ್ಲ, ಒಂಬತ್ತು ಬಂದಿತ್ತಲ್ಲ. ಭಾವನ ಕಿವಿ ಒಳ್ಳೇ ಕಿವೀನೇ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳನ್ನ ಚಿಕ್ಕಂದಿನಿಂದ ಚಾಪೆ ಮೇಲೆ ಕೂತು ಕೇಳಿ ಬೆಳೆದ ಕಿವಿ. ಇಂಥ ವಾದಗಳಲ್ಲಿ ಒಂದು ಗುಂಪು "ಬಿಟ್ ಅಂದ್ರೆ ಬಿಟ್, ನಿಮಗೆ ಭ್ರಮೆ" ಅಂತ ಅಲ್ಲಿಗೇ ಮುಗಿಸಿಬಿಡುತ್ತೆ, ನಾನೂ ಆ ಗುಂಪಿನೋನೇ ಆಗಿದ್ದೆ. ಆ ಮಾತು ನಂಬಿ ಕೂತಿದ್ರೆ ಭಾವನ ಮನೆ ಜೀಂಯ್ ಇವತ್ತಿಗೂ ಹಂಗೇ ಇರ್ತಿತ್ತು.

ಹೆಜ್ಜೆ 6: ಸ್ವಿಚ್ಚು ನಿಜವಾಗ್ಲೂ ಲೆಕ್ಕಕ್ಕೆ ಬರೋ ಜಾಗಗಳು

ಹಾಡು ಮಧ್ಯೆ ಮಧ್ಯೆ ಕಟ್ ಆಗ್ತಿದ್ರೆ ಅದು ನೆಟ್‌ವರ್ಕ್ ಸಮಸ್ಯೇನೇ. ವೈಫೈಯಲ್ಲಿ ಕೇಳ್ತಿದ್ರೆ ಮೊದಲು ಅದನ್ನ ಅನುಮಾನಿಸಿ, ಅಪಾರ್ಟ್‌ಮೆಂಟುಗಳಲ್ಲಿ 2.4 ಗಿಗಾಹರ್ಟ್ಜ್ ಅನ್ನೋದು ಸಂಜೆ ಆರರ ಸಿಲ್ಕ್ ಬೋರ್ಡ್ ಜಂಕ್ಷನ್, ಒಂದರ ಮೇಲೊಂದು ಬೀಳದ ಚಾನೆಲ್ ಇರೋದೇ 1, 6, 11 ಅಂತ ಮೂರು, ಮೈಕ್ರೋವೇವ್ ಒಲೇನೂ ಅಲ್ಲೇ ಬಂದು ಗದ್ದಲ ಮಾಡುತ್ತೆ. 5 ಗಿಗಾಹರ್ಟ್ಜ್‌ಗೆ ಹೋಗಿ, ಇಲ್ಲಾಂದ್ರೆ ಕೇಬಲ್ ಎಳೆಸಿ.

ಕೇಬಲ್ ಎಳೆಸೋವಾಗ ಎಸ್‌ಪಿ ರೋಡಲ್ಲಿ "ಪ್ಯೂರ್ ಕಾಪರ್ ಕೊಡಿ" ಅಂತ ಬಾಯಿ ಬಿಟ್ಟು ಕೇಳಬೇಕು. ಸುಮ್ನೆ ಕ್ಯಾಟ್ 6 ಅಂದ್ರೆ ಅಲ್ಯೂಮಿನಿಯಮ್ ಮೇಲೆ ತಾಮ್ರದ ನೀರು ಕುಡಿಸಿದ್ದನ್ನ ಕೊಡೋ ಅಂಗಡಿಗಳಿವೆ. ಬ್ಲೇಡಲ್ಲಿ ತಂತಿ ಕೆರೆದು ನೋಡಿ, ಒಳಗೆ ಬೆಳ್ಳಗಿದ್ರೆ ಬೇಡ ಅನ್ನಿ, ಅದು ಬೇಗ ಮುರಿಯುತ್ತೆ, ಪ್ಲಗ್ಗಲ್ಲಿ ಸಡಿಲ ಆಗುತ್ತೆ. ಗಿಗಾಬಿಟ್‌ಗೆ ನಾಲ್ಕು ಜೋಡಿ ತಂತೀನೂ ಬೇಕು, ಒಂದು ಕೈಕೊಟ್ರೆ ಲಿಂಕ್ 100ಕ್ಕೆ ಇಳಿಯಬಹುದು, ಸ್ವಿಚ್ಚಿನ ದೀಪದ ಬಣ್ಣ ಬದಲಾದ್ರೆ ಅದೇ ಸೂಚನೆ. ಹಾಡಿಗೆ 100 ಸಾಕು ಬಿಡಿ, ಆದ್ರೆ ಇವತ್ತು ಒಂದು ಜೋಡಿ ಹೋಗಿದ್ದು ನಾಳೆ ಇನ್ನೊಂದು ಹೋಗುತ್ತೆ.

ಮಹಡಿಯಿಂದ ಮಹಡಿಗೆ ಹೊರಗಡೆ ಗೋಡೆ ಮೇಲೆ ಕೇಬಲ್ ಇಳಿಸಿರೋರು ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎಷ್ಟು ಪೋರ್ಟ್ ಕಳ್ಕೊಂಡಿದಾರೆ ಅಂತ ಅವ್ರನ್ನೇ ಕೇಳಿ. ಅಲ್ಲಿ ಮಾತ್ರ ಫೈಬರ್ ಹಾಕಿಸಿ, ಎರಡು ಕಡೆ ತಾಮ್ರದ ಸಿಗ್ನಲ್ಲನ್ನ ಬೆಳಕು ಮಾಡೋ ಎರಡು ಮೀಡಿಯಾ ಕನ್ವರ್ಟರ್, ಕೆಲವು ಸಾವಿರದಲ್ಲಿ ಆಗುತ್ತೆ, ಗಾಜಿನ ಎಳೇಲಿ ಕರೆಂಟು ಹರಿಯಲ್ಲ. ಸೌಂಡಿಗೋಸ್ಕರ ಅಂತಲೇ ಮನೆಯೊಳಗೆ ಫೈಬರ್ ಹಾಕ್ತಾರೆ ಕೆಲವ್ರು, ಮರೆಯೋದೇನಂದ್ರೆ ಸ್ಟ್ರೀಮರ್ ಕಡೆಯ ಕನ್ವರ್ಟರ್‌ಗೂ ಒಂದು ಎರಡು ಪಿನ್ನಿನ ಅಡಾಪ್ಟರ್ ಇರುತ್ತೆ.

ಫೋನಲ್ಲಿ ಸ್ಪೀಕರ್ ಒಂದ್ಸಲ ಕಾಣುತ್ತೆ ಒಂದ್ಸಲ ಮಾಯ ಆಗುತ್ತೆ ಅಂದ್ರೆ ಮಲ್ಟಿಕ್ಯಾಸ್ಟ್ ತೊಂದ್ರೆ, ಒಂದೇ ಸಲ ಹಲವರಿಗೆ ಕೂಗಿ ಹೇಳೋ ವಿಧಾನ ಅದು. ಏರ್‌ಪ್ಲೇ, ಕ್ರೋಮ್‌ಕಾಸ್ಟ್ ಎಲ್ಲ ಒಬ್ಬರನ್ನೊಬ್ರು ಹುಡುಕೋದೇ ಅದ್ರ ಮೇಲೆ. ಸ್ವಿಚ್ಚಲ್ಲೋ ರೂಟರಲ್ಲೋ ಐಜಿಎಂಪಿ ಸ್ನೂಪಿಂಗ್ ಅಂತ, ಆ ಕೂಗು ಯಾರ್ಯಾರಿಗೆ ಹೋಗಬೇಕು ಅಂತ ಆರಿಸೋ ಸೆಟ್ಟಿಂಗ್ ಇರುತ್ತೆ, ಅದನ್ನ ಆಫ್ ಮಾಡಿ ನೋಡಿ, ರೂಟರಲ್ಲಿ ಗೆಸ್ಟ್ ವೈಫೈಗೆ ಫೋನ್ ಸೇರ್ಕೊಂಡಿದೆಯಾ ಅಂತಾನೂ ನೋಡಿ, ಅರ್ಧಕ್ಕರ್ಧ ಕೇಸು ನನಗೆ ಸಿಕ್ಕಿರೋದು ಅಲ್ಲೇ.

ಇನ್ನು ಕರೆಂಟು. ಕರೆಂಟ್ ಹೋಗಿ ಯುಪಿಎಸ್ಸಿಗೆ ಬದಲಾಗೋ ಆ ಒಂದು ಕ್ಷಣದಲ್ಲಿ ಸ್ವಿಚ್ಚು, ರೂಟರ್ರು ಎರಡೂ ರೀಸ್ಟಾರ್ಟ್ ಆಗಿ ಹಾಡು ನಿಂತೋಗುತ್ತೆ ಅನ್ನೋರು ರೂಟರಿಗೆ ಸಿಗೋ ಪುಟ್ಟ ಡಿಸಿ ಯುಪಿಎಸ್ ಹಾಕ್ಕೊಳ್ಳಿ, ಸಾವಿರದೈನೂರರ ಆಸುಪಾಸು, ವೋಲ್ಟೇಜ್ ಓದಿ ತಗೊಳ್ಳಿ, ಹೊಗೆ ಕಥೆ ಮೇಲೆ ಹೇಳಿದೀನಿ.

ಸ್ವಿಚ್ಚಿನ ಸಮಯಪಾಲನೆ ನಿಜವಾಗ್ಲೂ ಮುಖ್ಯ ಆಗೋದು ಸ್ಟುಡಿಯೋ, ಆಡಿಟೋರಿಯಮ್‌ಗಳಲ್ಲಿ. ಆಸ್ಟ್ರೇಲಿಯಾದ ಆಡಿನೇಟ್ ಕಂಪನಿಯ ಡಾಂಟೆ ಥರದ ವ್ಯವಸ್ಥೇಲಿ ಮೈಕಿಂದ ಬಂದ ದನಿ ಕೆಲವೇ ಮಿಲಿಸೆಕೆಂಡಲ್ಲಿ ಮಿಕ್ಸರ್ ತಲುಪಬೇಕು, ಎಲ್ಲ ಯಂತ್ರಗಳ ಗಡಿಯಾರಾನೂ ನೆಟ್‌ವರ್ಕ್ ಮೇಲೇ ಹೊಂದಿಸ್ಕೋಬೇಕು, ಸಂಪು ಕಟ್ಟೋಕೆ ಟೈಮೇ ಇಲ್ಲ. ಅಲ್ಲಿ ಸ್ವಿಚ್ಚಿನ ವಿದ್ಯುತ್ ಉಳಿಸೋ ಸೆಟ್ಟಿಂಗ್, ಎನರ್ಜಿ ಎಫಿಶಿಯಂಟ್ ಈಥರ್ನೆಟ್ (ಇಇಇ) ಅಂತಾರೆ, ಅದನ್ನ ಆಫ್ ಮಾಡಿಸ್ತಾರೆ. ತಮಾಷೆ ಅಂದ್ರೆ ಅವ್ರು ಅದಕ್ಕೆ ಬಳಸೋದು ಆಫೀಸುಗಳಲ್ಲಿ ಇರೋ ಅದೇ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಾಯಿಸೋಕೆ ಬರೋ) ಸ್ವಿಚ್ಚುಗಳನ್ನ.

ದುಡ್ಡು ಇದ್ರೆ ಎಲ್ಲಿ ಹಾಕೋದು

ಸ್ವಿಚ್ಚು ಬೇಕೇ ಬೇಕು ಅಂದ್ರೆ ಹೆಸರಿರೋ ಕಂಪನಿಯ ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್, ಸಾವಿರ ಸಾವಿರದೈನೂರರಲ್ಲಿ ಬರುತ್ತೆ, ಪ್ಲಾಸ್ಟಿಕ್ ಮೈ ಇದ್ರೆ ಇನ್ನೂ ವಾಸಿ, ಯಾಕೆ ಅಂತ ಈಗ ನಿಮಗೆ ಗೊತ್ತು. ರೂಟರಲ್ಲೇ ಪೋರ್ಟ್ ಖಾಲಿ ಇದ್ರೆ ಅದೂ ಬೇಡ. ಉಳಿದ ದುಡ್ಡಲ್ಲಿ ಮೊದಲು ಅರ್ತಿಂಗ್ ಸರಿ ಮಾಡಿಸಿ, ಆಮೇಲೆ ರೂಮು ನೋಡಿ. ಟೈಲ್ಸ್ ನೆಲ, ಬರೀ ಗೋಡೆ, ಗಾಜಿನ ಕಿಟಕಿ ಇರೋ ನಮ್ಮ ಹಾಲುಗಳಲ್ಲಿ ಚಪ್ಪಾಳೆ ತಟ್ಟಿದ್ರೆ ಠಣ್ ಅಂತ ವಾಪಸ್ ಬರುತ್ತೆ, ಸ್ಪೀಕರ್ ಮುಂದೆ ಒಂದು ದಪ್ಪನೆ ಜಮಖಾನ, ಕಿಟಕಿಗೆ ಭಾರದ ಪರದೆ ಹಾಕಿ ಅದೇ ವೀಣೆ ಕೇಳಿ, ಇದಕ್ಕೆ ಕಣ್ಣು ಮುಚ್ಚೋ ಪರೀಕ್ಷೆನೇ ಬೇಕಾಗಲ್ಲ. ಸ್ಪೀಕರನ್ನ ಗೋಡೆಯಿಂದ ಒಂದಡಿ ಮುಂದೆ ಎಳೆಯೋದು ಪುಕ್ಕಟೆ.

ಭಾವ ಹೊಸ ಸ್ವಿಚ್ ವಾಪಸ್ ಕೊಡೋಕೆ ಹೋಗಿದ್ರು, ಡಬ್ಬಿ ಸೀಲ್ ಒಡೆದಿದೆ ಅಂತ ಅಂಗಡಿಯೋರು ತಗೊಳ್ಳಲಿಲ್ಲ. ಹಂಗಾಗಿ ಅದು ಅಲ್ಲೇ ಟಿವಿ ಕೆಳಗೆ ಕೂತಿದೆ, ಕೆಲಸಾನೂ ಮಾಡುತ್ತೆ, ಸಾದಾ ಕೇಬಲ್ ಹಾಕ್ಕೊಂಡು. ರಾತ್ರಿ ಅದರ ನೀಲಿ ಎಲ್‌ಇಡಿ ಕಣ್ಣಿಗೆ ಚುಚ್ಚುತ್ತೆ ಅಂತ ಅಕ್ಕ ಅದರ ಮೇಲೆ ತನ್ನ ಹಣೆ ಸ್ಟಿಕರ್ ಒಂದನ್ನ ಅಂಟಿಸಿದಾಳೆ, ಮೆರೂನ್ ಬಣ್ಣದ್ದು.